ಮನೆಯಲ್ಲೇ ಕಲಿಯುವ ಮಕ್ಕಳು: ವೇಳಾಪಟ್ಟಿಯ ಚಿಂತೆ, ಕಾಗದಪತ್ರದ ಎಚ್ಚರ

ಪ್ರಶ್ನೆ: ಎಂಟು ವರ್ಷದ ಮಗಳನ್ನು ಎರಡನೆಯ ತರಗತಿ ಮುಗಿದ ಮೇಲೆ ಈ ಜೂನ್‌ನಲ್ಲಿ ಶಾಲೆಯಿಂದ ಬಿಡಿಸಿ ಮನೆಯಲ್ಲೇ ಕಲಿಸುತ್ತಿದ್ದೇನೆ. ಬೆಳಿಗ್ಗೆ 9ರಿಂದ ಮಧ್ಯಾಹ್ನ 3ರವರೆಗೆ ವೇಳಾಪಟ್ಟಿ ಹಾಕಿಕೊಂಡಿದ್ದೇನೆ. ಹತ್ತೂವರೆಯಾಗುವಷ್ಟರಲ್ಲಿ ಅವಳು ಅಳಲು, ನಾನು ಕೂಗಾಡಲು ಶುರು. ನಾಲ್ಕು ವರ್ಷದ ತಮ್ಮ ಬಂದು ಪುಸ್ತಕ ಎಳೆಯುತ್ತಾನೆ. ಶಾಲೆಯಲ್ಲಿ ಆರು ಗಂಟೆ ಕೂರುತ್ತಿದ್ದ ಮಗು ಮನೆಯಲ್ಲಿ ಏಕೆ ಕೂರುವುದಿಲ್ಲ?
– ಒಬ್ಬ ತಾಯಿ, ಶಿವಮೊಗ್ಗ

ಉತ್ತರ: ನಿಮ್ಮ ಮಗಳು ಶಾಲೆಯಲ್ಲಿ ಆರು ಗಂಟೆ ಇರುತ್ತಿದ್ದಳು ಎಂಬುದು ನಿಜ, ಆರು ಗಂಟೆ ಕಲಿಯುತ್ತಿದ್ದಳು ಎಂಬುದು ನಿಜವಲ್ಲ. ಪ್ರಾರ್ಥನೆ, ಹಾಜರಿ, ಸಾಲಿನಲ್ಲಿ ನಿಲ್ಲುವುದು, ಹಲಗೆಯ ಮೇಲಿನದನ್ನು ನಕಲು ಮಾಡುವುದು, ಎಲ್ಲರ ಬರವಣಿಗೆ ಮುಗಿಯುವವರೆಗೆ ಕಾಯುವುದು, ಇವೆಲ್ಲವೂ ಆ ಆರು ಗಂಟೆಯೊಳಗೇ ಸೇರಿರುತ್ತವೆ. ನಲವತ್ತು ನಿಮಿಷದ ಒಂದು ಪೀರಿಯಡ್ಡನ್ನು ಮೂವತ್ತೈದು ಮಕ್ಕಳಿಗೆ ಹಂಚಿದರೆ ಒಂದೊಂದು ಮಗುವಿಗೆ ಶಿಕ್ಷಕಿಯ ಗಮನ ಸಿಗುವುದು ಒಂದು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ. ನೀವಾದರೋ ಅವಳ ಎದುರಿಗೇ ಕುಳಿತು ಆರು ಗಂಟೆ ಅವಳೊಬ್ಬಳನ್ನೇ ನೋಡುತ್ತಿದ್ದೀರಿ. ಅಂಥ ನೋಟವನ್ನು ಅಷ್ಟು ಹೊತ್ತು ತಾಳಿಕೊಳ್ಳುವುದು ದೊಡ್ಡವರಿಂದಲೂ ಆಗದು. ಈ ವಯಸ್ಸಿನ ಮಗುವಿಗೆ ಎದುರೆದುರು ಕುಳಿತು ಕಲಿಸುವಾಗ ದಿನಕ್ಕೆ ಒಂದೂವರೆಯಿಂದ ಎರಡು ಗಂಟೆ ಧಾರಾಳವಾಯಿತು, ಅದನ್ನೂ ಇಪ್ಪತ್ತು ಇಪ್ಪತ್ತೈದು ನಿಮಿಷಗಳ ತುಂಡುಗಳಾಗಿ ಮಾಡಿಕೊಳ್ಳಬೇಕು. ನಾನು ಕೂಡ ಮೊದಲ ವರ್ಷ ನಡುಮನೆಯ ಗೋಡೆಗೆ ಕಪ್ಪುಹಲಗೆ ಹೊಡೆಸಿ, ಗೋಡೆಗಡಿಯಾರವನ್ನು ಅದರ ಪಕ್ಕಕ್ಕೆ ತಂದು ತೂಗುಹಾಕಿದ್ದೆ. ಎರಡನೆಯ ವರ್ಷದ ಹೊತ್ತಿಗೆ ಆ ಹಲಗೆಯ ಮೇಲೆ ಹಾಲಿನ ಲೆಕ್ಕ ಬರೆಯುತ್ತಿದ್ದೆವು.

ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಶಾಲೆ ಬಿಟ್ಟ ಮಗುವಿಗೆ ಶಾಲೆಯ ಅಭ್ಯಾಸ ಕಳಚಲು ಕಾಲ ಬೇಕು. ಶಾಲೆಯಲ್ಲಿ ಕಳೆದ ಪ್ರತಿ ವರ್ಷಕ್ಕೆ ಒಂದು ತಿಂಗಳು ಎಂಬ ಲೆಕ್ಕ ಹೋಮ್‌ಸ್ಕೂಲಿಂಗ್ ಮಾಡುವ ಪಾಲಕರ ನಡುವೆ ಬಳಕೆಯಲ್ಲಿದೆ. ಅದು ಅನುಭವದ ಮಾತೇ ಹೊರತು ಶಾಸ್ತ್ರವಲ್ಲ, ಆದರೂ ಕೆಡುಕಿಲ್ಲದ ಲೆಕ್ಕ. ಎಲ್‌ಕೆಜಿ, ಯುಕೆಜಿ ಸೇರಿಸಿ ನಿಮ್ಮ ಮಗಳಿಗೆ ನಾಲ್ಕು ವರ್ಷವಾಗಿದ್ದರೆ ದಸರೆಯವರೆಗೆ ಪಠ್ಯಪುಸ್ತಕವನ್ನು ಒತ್ತಾಯದಿಂದ ತೆರೆಸಬೇಡಿ. ಆ ತಿಂಗಳುಗಳಲ್ಲಿ ನೀವು ದಿನವೂ ಅರ್ಧ ಗಂಟೆ ಗಟ್ಟಿಯಾಗಿ ಕಥೆ ಓದಿ ಹೇಳಿ. ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಚಿತ್ರಪುಸ್ತಕಗಳು ಉಚಿತವಾಗಿ ಸಿಗುತ್ತವೆ. ಓದುವಾಗ ನಿಮ್ಮ ಬೆರಳು ಸಾಲಿನ ಕೆಳಗೆ ಸರಿಯುತ್ತಿರಲಿ. ಒತ್ತಕ್ಷರಗಳಲ್ಲಿ ಎಡವುವ ಮಕ್ಕಳಿಗೆ ಹತ್ತು ಪುಟ ಕಾಗುಣಿತ ಬರೆಸುವುದಕ್ಕಿಂತ ಇದು ಹೆಚ್ಚು ನೆರವಾಗುವುದನ್ನು ನಾನು ಕಂಡಿದ್ದೇನೆ.

ಗಣಿತಕ್ಕೆ ಅಂಗಳವೂ ಅಡುಗೆಮನೆಯೂ ಸಾಕು, ಆದರೆ ‘ಅಡುಗೆಮನೆಯಲ್ಲೇ ಗಣಿತವಿದೆ’ ಎಂದು ಹೇಳಿ ಬಿಟ್ಟುಬಿಡುವುದರಿಂದ ಏನೂ ಆಗುವುದಿಲ್ಲ. ಪ್ರಶ್ನೆಯನ್ನು ನೀವು ಹಾಕಬೇಕು. ರಂಗೋಲಿಗೆ ಏಳರಿಂದ ನಾಲ್ಕರವರೆಗಿನ ಸಂದು ಚುಕ್ಕಿ ಇಡಿಸಿ, ಒಟ್ಟು ಚುಕ್ಕಿ ಎಷ್ಟಾಯಿತು ಎಂದು ಕೇಳಿ. ಒಂದೊಂದಾಗಿ ಎಣಿಸಿದರೂ 37 ಬರುತ್ತದೆ, ನಡುವಿನ ಏಳನ್ನು ಬಿಟ್ಟು ಒಂದು ಬದಿಯ ಆರು, ಐದು, ನಾಲ್ಕನ್ನು ಕೂಡಿ ದ್ವಿಗುಣ ಮಾಡಿ, ಆಮೇಲೆ ಆ ಏಳನ್ನು ಸೇರಿಸಿದರೂ 37 ಬರುತ್ತದೆ. ಎರಡನೆಯ ದಾರಿಯನ್ನು ಅವಳೇ ಕಂಡುಕೊಳ್ಳುವವರೆಗೆ ನೀವು ಬಾಯಿ ಬಿಡಬಾರದು, ಕಷ್ಟವಿರುವುದು ಅಲ್ಲಿಯೇ. ಏಳರಿಂದ ಒಂದರವರೆಗಿನ ನೇರ ಚುಕ್ಕಿಗೆ 25 ಏಕಾಯಿತು ಎಂಬುದನ್ನು ಮರುದಿನಕ್ಕೆ ಇಟ್ಟುಕೊಳ್ಳಿ. ಮನೆಯಲ್ಲಿ ಹಳೆಯ ಪಾವು, ಸೇರು ಇದ್ದರೆ ಅಟ್ಟದಿಂದ ಇಳಿಸಿ: ನಾಲ್ಕು ಪಾವಿಗೆ ಒಂದು ಸೇರು, ಎರಡು ಪಾವಿಗೆ ಅಚ್ಚೇರು ಎಂದು ಅಕ್ಕಿ ಸುರಿದು ನೋಡಿದ ಮಗುವಿಗೆ ಕಾಲು, ಅರೆ, ಮುಕ್ಕಾಲು ಎಂಬುವು ಕೈಗೆ ಸಿಕ್ಕಿರುತ್ತವೆ, ಕಾಗದದ ಮೇಲಿನ ಭಿನ್ನರಾಶಿಗೆ ಆಮೇಲೆ ಹೆದರುವುದಿಲ್ಲ.

ತಮ್ಮನನ್ನು ಹೊರಗಿಡಲು ಹೋಗಬೇಡಿ, ಅದು ಸಾಧ್ಯವೂ ಇಲ್ಲ. ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿ ಈ ವಿಷಯದಲ್ಲಿ ಒಳ್ಳೆಯ ಮಾದರಿ. ಆಂಧ್ರದ ರಿಷಿವ್ಯಾಲಿ ಗ್ರಾಮೀಣ ಶಿಕ್ಷಣ ಕೇಂದ್ರದ ಕೆಲಸವನ್ನು ನೋಡಿ ಬಂದ ಶಿಕ್ಷಕರು 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಆರಂಭಿಸಿದ ಈ ಪದ್ಧತಿಯಲ್ಲಿ ಬೇರೆಬೇರೆ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕುಳಿತು, ಕಾರ್ಡುಗಳನ್ನು ಹಿಡಿದು, ಕಲಿಕಾ ಏಣಿಯ ಮೆಟ್ಟಿಲುಗಳನ್ನು ತಂತಮ್ಮ ವೇಗದಲ್ಲಿ ಹತ್ತುತ್ತಾರೆ. ನಿಮ್ಮ ಮನೆಯಲ್ಲಿಯೂ ಅದೇ ಆಗಲಿ: ಅಕ್ಕ ಬರೆಯುವಾಗ ತಮ್ಮನಿಗೆ ಹುಣಿಸೆ ಬೀಜಗಳನ್ನು ಹತ್ತು ಹತ್ತರ ಗುಡ್ಡೆ ಮಾಡುವ ಕೆಲಸ, ಅವನ ಗುಡ್ಡೆಗಳನ್ನು ಪರೀಕ್ಷಿಸುವುದು ಅಕ್ಕನ ಕೆಲಸ. ದಿನದ ಕೊನೆಗೆ ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ ಹಾಕಿ, ಅಂದು ಏನು ಮಾಡಿದೆವು ಎಂದು ಮೂರು ಸಾಲು ಬರೆದಿಡಿ. ‘ಇವತ್ತು ಏನೂ ಆಗಲಿಲ್ಲ’ ಎಂದು ಅನ್ನಿಸಿದ ದಿನ ಹಿಂದಿನ ತಿಂಗಳ ಪುಟಗಳನ್ನು ತಿರುವಿಹಾಕಿದರೆ ನಿಮ್ಮ ಕೂಗಾಟ ತಾನಾಗಿ ಕಡಿಮೆಯಾಗುತ್ತದೆ. ಶಾಲೆಯಿಂದ ಹೊರಗುಳಿದ ಮಕ್ಕಳ ಸಮೀಕ್ಷೆಗೆ ಹತ್ತಿರದ ಶಾಲೆಯ ಶಿಕ್ಷಕರು ಮನೆಗೆ ಬಂದರೆ ಅವರ ಮುಂದಿಡುವುದಕ್ಕೂ ಅದೇ ನೋಟ್‌ಬುಕ್ಕು ಬೇಕಾಗುತ್ತದೆ. ಅವರು ತಮ್ಮ ಕರ್ತವ್ಯಕ್ಕಾಗಿ ಬಂದಿರುತ್ತಾರೆ, ಕಾಫಿ ಕೊಟ್ಟು ಮಾತನಾಡಿಸಿ.

ಪ್ರಶ್ನೆ: ಒಂಬತ್ತು ವರ್ಷದ ಮಗ ಎರಡು ವರ್ಷದಿಂದ ಮನೆಯಲ್ಲೇ ಕಲಿಯುತ್ತಿದ್ದಾನೆ. ಕೆಲಸದ ನಿಮಿತ್ತ ಜರ್ಮನಿಗೆ ಹೋಗಬೇಕಾಗಿದೆ. ಅಲ್ಲಿ ಇದನ್ನೇ ಮುಂದುವರಿಸಬಹುದೇ?
– ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: ಸಾಧ್ಯವಿಲ್ಲ. ಅಲ್ಲಿ ಮಗುವನ್ನು ಶಾಲೆಗೆ ಕಳುಹಿಸುವುದು ಕಾನೂನಿನ ಕಡ್ಡಾಯ, ಮನೆಯಲ್ಲಿ ಎಷ್ಟು ಚೆನ್ನಾಗಿ ಕಲಿಸುತ್ತೀರಿ ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ಶಾಲೆಗೆ ಕಳುಹಿಸದ ಒಂದು ಕುಟುಂಬದ ಮಕ್ಕಳನ್ನು ಅಧಿಕಾರಿಗಳು ಕೆಲವು ವಾರ ತಮ್ಮ ವಶಕ್ಕೆ ತೆಗೆದುಕೊಂಡಿದ್ದ ಪ್ರಕರಣದಲ್ಲಿ ಐರೋಪ್ಯ ಮಾನವ ಹಕ್ಕುಗಳ ನ್ಯಾಯಾಲಯವು 2019ರಲ್ಲಿ ಜರ್ಮನಿಯ ಕ್ರಮದಲ್ಲಿ ಹಕ್ಕಿನ ಉಲ್ಲಂಘನೆಯಿಲ್ಲ ಎಂದೇ ತೀರ್ಪಿತ್ತಿತು. ಭಾಷೆ ಬಾರದ ಮಕ್ಕಳಿಗೆ ಅಲ್ಲಿನ ಅನೇಕ ಊರುಗಳ ಶಾಲೆಗಳಲ್ಲಿ ಮೊದಲು ಜರ್ಮನ್ ಕಲಿಸುವ ಪ್ರತ್ಯೇಕ ತರಗತಿಗಳಿರುತ್ತವೆ. ಊರು ಗೊತ್ತಾದ ಕೂಡಲೇ ಆ ಬಗ್ಗೆ ವಿಚಾರಿಸಿ. ಸಂಜೆ ಮತ್ತು ರಜೆಯ ಹೊತ್ತು ನಿಮ್ಮದೇ, ಅದನ್ನು ಕನ್ನಡದ ಓದು ಬರಹಕ್ಕೆ ಇಟ್ಟುಕೊಳ್ಳಿ.

ಪ್ರಶ್ನೆ: ಮಗನಿಗೆ ಹದಿಮೂರು ವರ್ಷ. ಐದನೆಯ ತರಗತಿಯವರೆಗೆ ಮೈಸೂರಿನಲ್ಲೇ ಶಾಲೆಗೆ ಹೋಗಿದ್ದ, ಆಮೇಲೆ ಮನೆಯಲ್ಲೇ ಕಲಿಯುತ್ತಿದ್ದಾನೆ. ನಾವು ಮಾಡುತ್ತಿರುವುದು ಕಾನೂನುಬದ್ಧವೇ? ಹತ್ತನೆಯ ತರಗತಿಯ ಪರೀಕ್ಷೆಗೆ ಹೇಗೆ ಕೂರಿಸಬೇಕು? ಮುಂದೆ ಎಂಜಿನಿಯರಿಂಗ್ ಓದುವ ಆಸೆ ಅವನಿಗಿದೆ.
– ಒಬ್ಬ ತಂದೆ, ಮೈಸೂರು

ಉತ್ತರ: ಮೊದಲ ಪ್ರಶ್ನೆಗೆ ಹೌದು, ಅಲ್ಲ ಎಂಬ ಒಂದು ಪದದ ಉತ್ತರವಿಲ್ಲ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 10ನೇ ಸೆಕ್ಷನ್ನು 6ರಿಂದ 14 ವರ್ಷದ ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ಪಾಲಕರ ಕರ್ತವ್ಯ ಎನ್ನುತ್ತದೆ. ಹಾಗೆ ಸೇರಿಸದ ಪಾಲಕರಿಗೆ ಆ ಕಾಯ್ದೆ ಶಿಕ್ಷೆಯನ್ನು ವಿಧಿಸಿಲ್ಲ, ಮನೆಶಿಕ್ಷಣವನ್ನು ಹೆಸರಿಟ್ಟು ಒಪ್ಪಿಯೂ ಇಲ್ಲ, ನಿಷೇಧಿಸಿಯೂ ಇಲ್ಲ. ಈ ಅಸ್ಪಷ್ಟತೆಯೊಳಗೇ ನಮ್ಮ ಕುಟುಂಬಗಳು ನಡೆದುಕೊಂಡು ಬಂದಿವೆ. ‘ಎಲ್ಲವೂ ಕಾನೂನುಬದ್ಧ’ ಎಂದು ಧೈರ್ಯ ತುಂಬುವವರ ಮಾತನ್ನೂ ‘ಜೈಲಿಗೆ ಹಾಕುತ್ತಾರೆ’ ಎಂದು ಹೆದರಿಸುವವರ ಮಾತನ್ನೂ ನಂಬಬೇಕಾಗಿಲ್ಲ. ಇದೇ ಕಾಯ್ದೆಯ 4ನೇ ಸೆಕ್ಷನ್ನಿನಲ್ಲಿ ಶಾಲೆಯ ಹೊರಗಿರುವ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು ಎಂದಿರುವುದರಿಂದ, ಮನಸ್ಸು ಬದಲಾದರೆ ಮರಳುವ ಬಾಗಿಲು ತೆರೆದೇ ಇದೆ.

ಪರೀಕ್ಷೆಗೆ ಹೆಚ್ಚಿನ ಕುಟುಂಬಗಳು ಹಿಡಿಯುವ ದಾರಿ ಎನ್‌ಐಒಎಸ್, ಅಂದರೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ. ಕೇಂದ್ರ ಸರ್ಕಾರದ ಈ ಸಂಸ್ಥೆ 1989ರಲ್ಲಿ ಸ್ಥಾಪನೆಯಾಯಿತು, ಅದರ ಪ್ರಾದೇಶಿಕ ಕೇಂದ್ರ ಬೆಂಗಳೂರಿನಲ್ಲಿದೆ. ಹತ್ತನೆಯ ತರಗತಿಗೆ ಸಮನಾದ ಸೆಕೆಂಡರಿ ಕೋರ್ಸಿಗೆ ನೋಂದಾಯಿಸಲು 14 ವರ್ಷ ತುಂಬಿರಬೇಕು. ಎಂಟನೆಯ ತರಗತಿಯ ಅಂಕಪಟ್ಟಿ ಇಲ್ಲದವರು ಕೋರ್ಸಿಗೆ ಬೇಕಾದಷ್ಟು ಕಲಿತಿದ್ದೇವೆ ಎಂದು ಸ್ವಯಂ ದೃಢೀಕರಣ ಕೊಡಬಹುದು. ಒಂದು ಅಥವಾ ಎರಡು ಭಾಷೆಗಳೂ ಸೇರಿ ಐದು ವಿಷಯಗಳಲ್ಲಿ ತೇರ್ಗಡೆಯಾದರೆ ಪ್ರಮಾಣಪತ್ರ ಸಿಗುತ್ತದೆ, ಕನಿಷ್ಠ ಅಂಕ ಶೇ. 33. ವರ್ಷಕ್ಕೆ ಎರಡು ಸಲ, ಏಪ್ರಿಲ್ ಮತ್ತು ಅಕ್ಟೋಬರ್ ಸುಮಾರಿಗೆ, ಸಾರ್ವಜನಿಕ ಪರೀಕ್ಷೆ ನಡೆಯುತ್ತದೆ. ಒಮ್ಮೆ ಮಾಡಿದ ನೋಂದಣಿ ಐದು ವರ್ಷ ನಡೆಯುವುದರಿಂದ ಎರಡು ವಿಷಯಗಳನ್ನು ಮೊದಲು ಮುಗಿಸಿ ಉಳಿದ ಮೂರನ್ನು ಮುಂದಿನ ಸಲಕ್ಕೆ ಇಟ್ಟುಕೊಳ್ಳಬಹುದು. ಅನೇಕ ಮಕ್ಕಳಿಗೆ ಈ ಒಂದು ಸೌಕರ್ಯದಿಂದಲೇ ಪರೀಕ್ಷೆಯ ಭಯ ಅರ್ಧ ಇಳಿಯುತ್ತದೆ. ಟಿಎಂಎ ಎಂದು ಕರೆಯುವ ಮನೆಬರಹದ ಉತ್ತರಗಳಿಗೆ ಶೇ. 20ರ ತೂಕವಿದೆ; ಅದನ್ನು ಕೊನೆಯ ದಿನದ ರಾತ್ರಿ ಬರೆದು ಕಳುಹಿಸುವವರೇ ಹೆಚ್ಚು, ನಿಮ್ಮ ಮಗ ಆ ಗುಂಪಿಗೆ ಸೇರದಿರಲಿ. ಎಂಜಿನಿಯರಿಂಗ್ ಗುರಿಯಾಗಿದ್ದರೆ ಐದು ವಿಷಯಗಳಲ್ಲಿ ಗಣಿತವೂ ವಿಜ್ಞಾನವೂ ಇರಲೇಬೇಕು. ಸುಲಭವಾಗುತ್ತದೆಂದು ಚಿತ್ರಕಲೆ, ಗೃಹವಿಜ್ಞಾನಗಳನ್ನು ಆರಿಸಿಕೊಂಡು ಪಿಯು ವಿಜ್ಞಾನಕ್ಕೆ ಸೀಟು ಕೇಳಿದಾಗ ಪೇಚಿಗೆ ಸಿಲುಕಿದ ಮಕ್ಕಳನ್ನು ಬಲ್ಲೆ. ವಯಸ್ಸಿನ ಷರತ್ತಿಗೆ ಒಳಪಟ್ಟು ರಾಜ್ಯದ ಎಸ್‌ಎಸ್‌ಎಲ್‌ಸಿಗೆ ಖಾಸಗಿ ಅಭ್ಯರ್ಥಿಯಾಗಿ ಕೂರುವ ಅವಕಾಶವೂ ಉಂಟು.

ಇನ್ನು ನೀವು ಕೇಳದಿದ್ದರೂ ಹೇಳಲೇಬೇಕಾದ ಮಾತು. ಕಲಿಸುವ ವಿಷಯದಲ್ಲಿ ತಲೆ ಕೆಡಿಸಿಕೊಳ್ಳುವ ಪಾಲಕರು ಕಾಗದಪತ್ರದ ವಿಷಯದಲ್ಲಿ ಮೈಮರೆಯುವುದನ್ನು ಮತ್ತೆ ಮತ್ತೆ ಕಾಣುತ್ತೇನೆ. ನಮ್ಮ ಸಿಇಟಿಯ ಮೂಲಕ ಸರ್ಕಾರಿ ಸೀಟು ಪಡೆಯಲು ಇರುವ ಮುಖ್ಯ ಅರ್ಹತೆಯೆಂದರೆ, ಒಂದನೆಯ ತರಗತಿಯಿಂದ ದ್ವಿತೀಯ ಪಿಯುವರೆಗಿನ ಅವಧಿಯಲ್ಲಿ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ವ್ಯಾಸಂಗ ಮಾಡಿರಬೇಕು, ಹತ್ತನೆಯದನ್ನೋ ಹನ್ನೆರಡನೆಯದನ್ನೋ ಇಲ್ಲಿಯೇ ತೇರ್ಗಡೆಯಾಗಿರಬೇಕು. ಮನೆಯಲ್ಲಿ ಕಲಿತ ವರ್ಷಗಳಿಗೆ ವ್ಯಾಸಂಗ ಪ್ರಮಾಣಪತ್ರ ಕೊಡುವವರು ಯಾರೂ ಇಲ್ಲ. ನಿಮ್ಮ ಮಗನಿಗೆ ಶಾಲೆಯ ಐದು ವರ್ಷಗಳಿವೆ. ಎನ್‌ಐಒಎಸ್‌ನಲ್ಲಿ ಹತ್ತನೆಯದನ್ನು ಮುಗಿಸಿ ಮೈಸೂರಿನಲ್ಲೇ ನಿಯತ ಕಾಲೇಜಿನಲ್ಲಿ ಎರಡು ವರ್ಷ ಪಿಯು ಓದಿದರೆ ಸರಿಯಾಗಿ ಏಳಾಗುತ್ತದೆ. ಅದೇ ಹನ್ನೆರಡನೆಯದನ್ನೂ ಮನೆಯಿಂದಲೇ ಬರೆಸಿದರೆ ಲೆಕ್ಕ ತೊಡಕಾಗುತ್ತದೆ. ಆದ್ದರಿಂದ ಒಂದರಿಂದ ಐದನೆಯ ತರಗತಿಯವರೆಗಿನ ವ್ಯಾಸಂಗ ಪ್ರಮಾಣಪತ್ರವನ್ನು ಹಳೆಯ ಶಾಲೆಯಿಂದ ಈಗಲೇ ಬರೆಸಿ, ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ ಮಾಡಿಸಿ, ವರ್ಗಾವಣೆ ಪತ್ರದೊಂದಿಗೆ ಇಟ್ಟುಕೊಳ್ಳಿ. ಶಾಲೆಗಳು ಮುಚ್ಚುತ್ತವೆ, ದಾಖಲೆಗಳು ಕಾಣೆಯಾಗುತ್ತವೆ. ಪಾಲಕರ ವ್ಯಾಸಂಗವನ್ನು ಆಧರಿಸಿದ ಅರ್ಹತೆಯ ಕಲಮೂ ಇದೆಯಾದ್ದರಿಂದ ನಿಮ್ಮ ಮತ್ತು ನಿಮ್ಮ ಪತ್ನಿಯ ಶಾಲಾ ದಾಖಲೆಗಳನ್ನೂ ಹುಡುಕಿಡಿ. ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಮೀಸಲಾತಿಗಳಿಗೆ ಒಂದರಿಂದ ಹತ್ತರವರೆಗೆ ಪೂರ್ತಿ ಹತ್ತು ವರ್ಷಗಳ ಪ್ರಮಾಣಪತ್ರ ಬೇಕಾಗುವುದರಿಂದ ಅವು ನಿಮ್ಮ ಮಗನಿಗೆ ದಕ್ಕುವುದಿಲ್ಲ. ಆಯಾ ವರ್ಷದ ಸಿಇಟಿ ಕೈಪಿಡಿಯಲ್ಲಿ ಅರ್ಹತೆಯ ಪುಟವನ್ನು ಪ್ರತಿ ವರ್ಷವೂ ಓದುವ ಅಭ್ಯಾಸವನ್ನು ಈಗಿನಿಂದಲೇ ಇಟ್ಟುಕೊಳ್ಳಿ.

ಪ್ರಶ್ನೆ: ಹತ್ತು ವರ್ಷದ ಮೊಮ್ಮಗನನ್ನು ಮಗ, ಸೊಸೆ ಶಾಲೆಗೆ ಕಳಿಸುತ್ತಿಲ್ಲ. ನನ್ನನ್ನು ಯಾರೂ ಕೇಳಲಿಲ್ಲ, ಅದಿರಲಿ. ಹುಡುಗ ನಾಲ್ಕು ಮಂದಿಯ ನಡುವೆ ಬೆಳೆಯಬೇಡವೇ? ನಾನೇನಾದರೂ ಮಾಡಬಹುದೇ?
– ಒಬ್ಬ ಅಜ್ಜಿ, ಧಾರವಾಡ

ಉತ್ತರ: ಅಮ್ಮಾ, ತಮ್ಮ ಆತಂಕ ನ್ಯಾಯವಾದದ್ದು. ಮನೆಯಲ್ಲಿ ಕಲಿಯುವ ಮಗುವಿಗೆ ಗೆಳೆಯರು ತಾವಾಗಿ ದೊರೆಯುವುದಿಲ್ಲ, ದೊಡ್ಡವರು ಏರ್ಪಾಡು ಮಾಡಬೇಕಾಗುತ್ತದೆ. ಓಣಿಯ ಹುಡುಗರು ಶಾಲೆಯಿಂದ ಬಂದು ಆಟಕ್ಕಿಳಿಯುವುದು ಸಂಜೆ ನಾಲ್ಕೂವರೆಯ ಮೇಲೆ. ಆ ಹೊತ್ತಿಗೆ ಪಾಠವನ್ನೂ ಸಂಗೀತದ ಕ್ಲಾಸನ್ನೂ ಇಡದೆ ಅವನನ್ನು ಮೈದಾನಕ್ಕೆ ಬಿಡುವಂತೆ ಮಗ ಸೊಸೆಗೆ ತಿಳಿಹೇಳಿರಿ. ಶನಿವಾರ ಮಧ್ಯಾಹ್ನ ಅವನ ಗೆಳೆಯರಿಗೆ ತಮ್ಮ ಮನೆಯಲ್ಲಿ ಚುರುಮುರಿ ಎಂದು ಗೊತ್ತು ಮಾಡಿದರೆ ಅರ್ಧ ಕೆಲಸ ಆದಂತೆಯೇ. ಬಂಧುಗಳು ಬಂದಾಗ ಮಾತ್ರ ಅವರೆದುರು ಅವನಿಂದ ಹದಿನೇಳರ ಮಗ್ಗಿ ಹೇಳಿಸಬೇಡಿ. ಶಾಲೆಗೆ ಹೋಗುವ ಮಕ್ಕಳಿಗೆ ಯಾರೂ ಕೊಡದ ಪರೀಕ್ಷೆಯನ್ನು ಇವನು ಮಾತ್ರ ಪ್ರತಿ ಹಬ್ಬಕ್ಕೂ ಏಕೆ ಕೊಡಬೇಕು?

ತಮ್ಮಿಂದ ಆಗಬಹುದಾದ, ಮನೆಯಲ್ಲಿ ಬೇರೆ ಯಾರಿಂದಲೂ ಆಗದ ಕೆಲಸವೊಂದಿದೆ. ತಮಗೆ ನೆನಪಿರುವ ಒಗಟು, ಒಡಪುಗಳನ್ನು ತಾವು ಹೇಳುತ್ತ ಹೋಗಿ, ಅವನು ಬರೆದುಕೊಳ್ಳಲಿ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಲು ಮಣ್ಣನ್ನು ಎಲ್ಲಿಂದ ತರುತ್ತಿದ್ದಿರಿ, ಹೇಗೆ ಹದ ಮಾಡುತ್ತಿದ್ದಿರಿ ಎಂಬುದನ್ನೂ ಬರೆಸಿ. ಕೇಳಿ ಬರೆಯುವ ಕೆಲಸದಲ್ಲಿ ಕಾಗುಣಿತ, ವಾಕ್ಯ, ತಾಳ್ಮೆ ಮೂರೂ ಪಳಗುತ್ತವೆ. ಮೊದಲ ವಾರಕ್ಕೆ ಹತ್ತು ಒಗಟು ಸಾಕು. ಉತ್ತರಗಳನ್ನು ಪುಟದ ಹಿಂಬದಿಗೆ ಬರೆಸಿಡಿ, ಶನಿವಾರ ಚುರುಮುರಿಗೆ ಬಂದ ಗೆಳೆಯರಿಗೆ ಅವನ್ನು ಅವನೇ ಕೇಳಲಿ.