ಕನ್ನಡ ಮಾಧ್ಯಮದಲ್ಲಿ ಓದಿ ಎಂಜಿನಿಯರಿಂಗ್ ಸೇರಿದ್ದೇನೆ, ಕ್ಲಾಸಿನಲ್ಲಿ ಏನೂ ಅರ್ಥವಾಗ್ತಿಲ್ಲ. ಮೊದಲು ಸ್ಪೋಕನ್ ಇಂಗ್ಲಿಷ್ ಕೋರ್ಸ್ ಸೇರಲಾ, ಇಲ್ಲ ಸೀಟು ಬಿಟ್ಟು ಊರಲ್ಲೇ ಬಿಎಸ್‌ಸಿ ಮಾಡಲಾ? ಮನೆಯಲ್ಲಿ ಇನ್ನೂ ಹೇಳಿಲ್ಲ.

ಸ್ಪೋಕನ್ ಇಂಗ್ಲಿಷ್‌ಗೆ ದಯವಿಟ್ಟು ಈಗ ದುಡ್ಡು ಕಟ್ಟಬೇಡಿ. ನಾನು ಕಟ್ಟಿದ್ದೆ.

2012ರಲ್ಲಿ ಸಿಇಟಿ ಬರೆದು ಬೆಂಗಳೂರಿನ ಒಂದು ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕಾಲೇಜಿಗೆ ಸೇರಿದೆ. ಊರು ಹೊಸದುರ್ಗ ತಾಲ್ಲೂಕು. ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮ, ಸೀಟು ಸಿಕ್ಕಿದ್ದೂ ಆ ಕೋಟಾದಲ್ಲೇ. ಪಿಯುಸಿಯಲ್ಲಿ ಪುಸ್ತಕ ಇಂಗ್ಲಿಷ್ ಇದ್ದರೂ ನಮ್ಮ ಲೆಕ್ಚರರ್ ಎಲ್ಲವನ್ನೂ ಕನ್ನಡದಲ್ಲೇ ಬಿಡಿಸಿ ಹೇಳುತ್ತಿದ್ದರು. ಇಲ್ಲಿಗೆ ಬಂದಾಗ ಹಾಗೆ ಹೇಳುವವರು ಇರಲಿಲ್ಲ. ಪಕ್ಕದಲ್ಲಿ ಕೂತ ಹುಡುಗ ಇಂಗ್ಲಿಷಿನಲ್ಲಿ ಹೆಸರು ಕೇಳಿದರೂ ನನ್ನ ಕೈ ಬೆವರುತ್ತಿತ್ತು. ಎರಡು ವಾರ ಬೋರ್ಡಿನ ಮೇಲಿದ್ದದ್ದನ್ನೆಲ್ಲ ಸುಮ್ನೆ ಬರೆದುಕೊಂಡೆ. ಆಮೇಲೆ ನನಗೆ ನಾನೇ ತೀರ್ಮಾನ ಮಾಡಿದೆ: ನನ್ನ ಕಷ್ಟ ಇಂಗ್ಲಿಷ್, ಮೊದಲು ಅದನ್ನು ಸರಿ ಮಾಡಿಕೊಳ್ಳೋಣ, ಓದು ತಾನಾಗಿ ಬರುತ್ತೆ.

ತಪ್ಪಾಗಿದ್ದು ಇಲ್ಲೇ. ಸ್ವಲ್ಪ ಉದ್ದವಾದರೂ ಪೂರ್ತಿ ಹೇಳುತ್ತೇನೆ, ಯಾಕೆಂದರೆ ನೀವೂ ಇದೇ ಮಾತನ್ನು ಬರೆದಿದ್ದೀರಿ.

ಅಪ್ಪ ಕೊಬ್ಬರಿ ಮಾರಿ ಕಳಿಸಿದ್ದ ದುಡ್ಡಿನಲ್ಲಿ 4500 ರೂಪಾಯಿ ಕಟ್ಟಿದೆ. ಒಂದು ಬೇಕರಿ ಮೇಲಿನ ಮಹಡಿಯಲ್ಲಿ ಕ್ಲಾಸು, ಸಂಜೆ ಆರರಿಂದ ಎಂಟು, ವಾರಕ್ಕೆ ಐದು ದಿನ, ಮೂರು ತಿಂಗಳು. ಹೋಗಿ ಬರುವ ಬಸ್ಸು ಸೇರಿದರೆ ದಿನಕ್ಕೆ ನಾಲ್ಕು ಗಂಟೆ. ಹಾಸ್ಟೆಲಿಗೆ ಬರುವಷ್ಟರಲ್ಲಿ ಊಟದ ಹೊತ್ತು ಮುಗಿಯುತ್ತಾ ಬಂದಿರುತ್ತಿತ್ತು. ಅಲ್ಲಿ ಕಲಿಸಿದ್ದು ಹೋಟೆಲಿನಲ್ಲಿ ಆರ್ಡರ್ ಕೊಡೋದು, ಇಂಟರ್‌ವ್ಯೂನಲ್ಲಿ ನಮ್ಮ ಪರಿಚಯ ಹೇಳಿಕೊಳ್ಳೋದು. ಅದೇ ನಾಲ್ಕು ಗಂಟೆಯಲ್ಲಿ ನಮ್ಮ ಫ್ಲೋರಿನ ಹುಡುಗರು ಒಂದೇ ರೂಮಿನಲ್ಲಿ ಕೂತು ಎಂ-1 (ಮೊದಲ ಸೆಮಿಸ್ಟರಿನ ಗಣಿತ) ಹಳೇ ಪ್ರಶ್ನೆಪತ್ರಿಕೆ ಬಿಡಿಸುತ್ತಿದ್ದರು.

ಮೊದಲ ಇಂಟರ್ನಲ್ಸ್‌ನಲ್ಲಿ 25ಕ್ಕೆ 4 ಬಂತು. ಆಗಲಾದರೂ ಎಚ್ಚರವಾಗಬೇಕಿತ್ತು. ಆದರೆ 'ಇಂಗ್ಲಿಷ್ ಕೋರ್ಸ್ ಇನ್ನೂ ಮುಗಿದಿಲ್ಲವಲ್ಲ' ಎಂದು ಸಮಾಧಾನ ಹೇಳಿಕೊಂಡೆ. ಮೂರು ಟೆಸ್ಟಿನಲ್ಲಿ ಚೆನ್ನಾಗಿ ಬಂದ ಎರಡನ್ನು ತಗೊಳ್ಳುತ್ತಿದ್ದರಿಂದ ಮುಂದಿನದರಲ್ಲಿ ನೋಡೋಣ ಎಂದುಕೊಂಡೆ. ಮೂರೂ ಹಾಗೇ ಹೋದವು. ಸೆಮಿಸ್ಟರ್ ಪರೀಕ್ಷೆಯಲ್ಲಿ ಎಂ-1ಗೆ 100ಕ್ಕೆ 27. ಪಾಸಾಗಲು 35 ಬೇಕಿತ್ತು. ಸೈಬರ್ ಸೆಂಟರಿನಲ್ಲಿ ಆ ಸಾಲಿನ ಕೊನೆಯಲ್ಲಿದ್ದ 'ಎಫ್' ಅಕ್ಷರ ನೋಡಿ ಹೊರಗೆ ಬಂದೆ. ಮನೆಗೆ ಫೋನ್ ಮಾಡಿ ಎಲ್ಲ ಪಾಸು ಅಂದೆ. ಆ ಸುಳ್ಳು ಹೇಳಿದ್ದಕ್ಕೆ ಇವತ್ತಿಗೂ ಬೇಜಾರಿದೆ.

ಅವತ್ತು ರಾತ್ರಿ ಬಾಗಲಕೋಟೆ ಕಡೆಯ ಒಬ್ಬ ಸೀನಿಯರ್ ನನ್ನ ಎಂ-1 ನೋಟ್ಸ್ ತೆಗೆದು ಒಂದು ಲೆಕ್ಕದ ಮೇಲೆ ಬೆರಳಿಟ್ಟರು. ಭಿನ್ನರಾಶಿಯ ಕೆಳಗಡೆ ಎರಡು ಬ್ರಾಕೆಟ್ ಗುಣಿಸಿದ್ದಾರೆ, ಅದರ ಎನ್-ನೇ ಡೆರಿವೇಟಿವ್ ಕಂಡುಹಿಡಿಯಬೇಕು. "ಇದ್ರಾಗ ಏನ್ ತಿಳೀವಲ್ದು, ಕನ್ನಡದಾಗ ಹೇಳು ನೋಡೋಣ" ಅಂದರು. ಕನ್ನಡದಲ್ಲೂ ನನ್ನ ಬಾಯಿಂದ ಮಾತು ಹೊರಡಲಿಲ್ಲ. ಎಲ್ಲಿ ಸಿಕ್ಕಿಕೊಂಡಿದ್ದೇನೆ ಅಂತಲೇ ಗೊತ್ತಿರಲಿಲ್ಲ. ಅವರೇ ಒಂದೊಂದು ಸಾಲಾಗಿ ಕೇಳುತ್ತಾ ಹೋದರು. ಎರಡನೇ ಸಾಲಿನಲ್ಲಿ ಸಿಕ್ಕಿಬಿತ್ತು: ಪಾರ್ಷಿಯಲ್ ಫ್ರಾಕ್ಷನ್. ದೊಡ್ಡ ಭಿನ್ನರಾಶಿಯನ್ನು ಎರಡು ಚಿಕ್ಕದಾಗಿ ಒಡೆಯುವ ಕ್ರಮ. ಪಿಯುಸಿಯಲ್ಲೇ ಬಂದಿತ್ತು, ಬಾಯಿಪಾಠ ಮಾಡಿ ಮರೆತಿದ್ದೆ. ಎಂ-1 ಕಲಿಸುತ್ತಿದ್ದ ಮೇಡಂ ಅದು ಎಲ್ಲರಿಗೂ ಗೊತ್ತಿದೆ ಎಂದು ಮೂರು ಸಾಲು ಹಾರಿಸಿ ಬರೆದಿದ್ದರು. "ಇದು ಇಂಗ್ಲಿಷ್ ಅಲ್ಲೋ ತಮ್ಮಾ, ಪಿಯುಸಿ ಲೆಕ್ಕ" ಅಂದರು ಸೀನಿಯರ್. ಆ ಪಾಠ ಮತ್ತೆ ಕಲಿಯಲು ನನಗೆ ಹಿಡಿದದ್ದು ಎರಡು ಸಂಜೆ. ಎರಡೇ ಸಂಜೆ!

ಅದಕ್ಕೇ ಹೇಳ್ತಿದ್ದೇನೆ, ನೀವು ಪ್ರಶ್ನೆಯನ್ನೇ ತಪ್ಪು ಜಾಗದಿಂದ ಶುರು ಮಾಡಿದ್ದೀರಿ. ಇವತ್ತು ಅರ್ಥವಾಗದ ಒಂದು ಲೆಕ್ಕ ತಗೊಂಡು ಜೋರಾಗಿ ಕನ್ನಡದಲ್ಲಿ ಹೇಳಿ ನೋಡಿ. ಕನ್ನಡದಲ್ಲಿ ಹೇಳೋಕೆ ಬಂದರೆ ನಿಮಗೆ ಬೇಕಿರೋದು ನಾಲ್ಕಾರು ಇಂಗ್ಲಿಷ್ ಪದ ಮಾತ್ರ, ಅದಕ್ಕೆ ಕೋರ್ಸ್ ಬೇಡ. ಕನ್ನಡದಲ್ಲೂ ಬರದಿದ್ದರೆ ಪಿಯುಸಿ ಪುಸ್ತಕ ತೆಗೆಯಿರಿ. ಪ್ರಶ್ನೆಪತ್ರಿಕೆಯ ಇಂಗ್ಲಿಷಿಗೂ ಹೆದರಬೇಡಿ. ಹಿಂದಿನ ಐದು ವರ್ಷದ ಪತ್ರಿಕೆ ಮುಂದಿಟ್ಟುಕೊಂಡರೆ ಪ್ರೂವ್, ಫೈಂಡ್, ಎವ್ಯಾಲ್ಯುಯೇಟ್, ಡಿರೈವ್ ಅನ್ನೋ ಅದೇ ಪದಗಳು ತಿರುಗಿ ತಿರುಗಿ ಬರುತ್ತವೆ.

ನಮ್ಮ ಕಾಲದಲ್ಲಿ ಇಲ್ಲದ ಒಂದು ಅನುಕೂಲ ನಿಮಗಿದೆ. ದೇಶದ ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಎಐಸಿಟಿಇಯವರ ಇ-ಕುಂಭ್ ಪೋರ್ಟಲ್‌ನಲ್ಲಿ ಮೊದಲ ವರ್ಷದ ಪುಸ್ತಕಗಳು ಕನ್ನಡದಲ್ಲೂ ಉಚಿತವಾಗಿ ಸಿಗುತ್ತವೆ. ಕಾನ್ಸೆಪ್ಟ್ ಅದರಲ್ಲಿ ಓದಿ, ಲೆಕ್ಕ ಮಾತ್ರ ಇಂಗ್ಲಿಷಿನಲ್ಲೇ ಮಾಡಿ, ಯಾಕೆಂದರೆ ಬರೆಯೋದು ಹಾಗೇ ತಾನೇ. ಕ್ಲಾಸ್ ತಪ್ಪಿಸಬೇಡಿ, ವಿಟಿಯುನಲ್ಲಿ ಶೇ. 85 ಹಾಜರಿ ಬೇಕು. ಸ್ಟಾಫ್ ರೂಮಿಗೆ ಹೋಗಿ ಕನ್ನಡದಲ್ಲೇ ಕೇಳಿ. ನಾನು ಎರಡನೇ ಸೆಮ್‌ನಲ್ಲಿ ಅದೇ ಮೇಡಂ ಹತ್ತಿರ ನಡುಗುತ್ತಾ ಹೋಗಿ ಕನ್ನಡದಲ್ಲಿ ಕೇಳಿದೆ. ಅವರೂ ಕನ್ನಡದಲ್ಲೇ ಹೇಳಿಕೊಟ್ಟರು. ಅವರ ಊರು ಅರಸೀಕೆರೆಯಂತೆ, ನಮ್ಮೂರಿನಿಂದ ಅಷ್ಟೇನೂ ದೂರವಿಲ್ಲ. ಒಂದು ಇಡೀ ಸೆಮಿಸ್ಟರ್ ನಾನು ಅದನ್ನೂ ಕೇಳಿರಲಿಲ್ಲ.

ಬಿಎಸ್‌ಸಿ ವಿಷಯ: ಫಿಸಿಕ್ಸೋ ಮ್ಯಾಥ್ಸೋ ನಿಜವಾಗಿಯೂ ಇಷ್ಟ ಇದ್ದರೆ ಹೋಗಿ, ಒಳ್ಳೇ ಕೋರ್ಸು. ಭಯಕ್ಕೆ ಹೋಗಬೇಡಿ, ಇದೇ ಪಾರ್ಷಿಯಲ್ ಫ್ರಾಕ್ಷನ್ ಅಲ್ಲೂ ಇರುತ್ತೆ.

ಎರಡನೇ ಸೆಮ್ ಪರೀಕ್ಷೆ ಜೊತೆಗೇ ಎಂ-1 ಮತ್ತೆ ಬರೆದೆ, 61 ಬಂತು. ಅವತ್ತೇ ಅಪ್ಪನಿಗೆ ಫೋನ್ ಮಾಡಿ ಹಿಂದಿನ ಸಲ ಫೇಲಾಗಿದ್ದೂ ಸೇರಿಸಿ ಎಲ್ಲ ಹೇಳಿದೆ. "ಆವಾಗ್ಲೇ ಹೇಳಿದ್ರೆ ನಾನೇನ್ ಬಯ್ತಿದ್ನಾ ಮಗಾ" ಅಂದರು. ನೀವಿನ್ನೂ ಮನೆಯಲ್ಲಿ ಹೇಳಿಲ್ಲ ಅಂತ ಬರೆದಿದ್ದೀರಿ. ಇವತ್ತೇ ಫೋನ್ ಮಾಡಿ.