ರೋಮನ್ನರು ಮಲಗಿ ಉಣ್ಣುತ್ತಿರಲಿಲ್ಲ, ಒರಗಿ ಉಣ್ಣುತ್ತಿದ್ದರು

ಪ್ರಶ್ನೆ: ರೋಮನ್ನರು ಮಲಗಿಕೊಂಡೇ ಊಟ ಮಾಡುತ್ತಿದ್ದರಂತೆ. ಅನ್ನನಾಳಕ್ಕೆ ಇಳಿಯುತ್ತಿತ್ತೇ? ಅಷ್ಟೊಂದು ಸೋಮಾರಿಗಳೇ?

ಉತ್ತರ: ಈ ಪ್ರಶ್ನೆ ಎಷ್ಟನೇ ಸಲ ಬಂತೋ, ಲೆಕ್ಕ ಬಿಟ್ಟಿದ್ದೇನೆ. ಮಲಗಿ ಅಲ್ಲ, ಒರಗಿ. ಎಡ ಮೊಣಕೈ ದಿಂಬಿನ ಮೇಲೆ, ಬಲಗೈ ಊಟಕ್ಕೆ, ತಲೆ ಟೇಬಲ್ ಕಡೆ, ಕಾಲು ಹಿಂದಕ್ಕೆ. ಚಾಪೆ ಮೇಲೆ ಹೀಗೆ ಒರಗಿ ಎರಡು ಇಡ್ಲಿ ತಿಂದು ನೋಡಿದ್ದೇನೆ. ನುಂಗೋದು ಕಷ್ಟವಲ್ಲ, ಎಡಗೈ ಜೋಮು ಹಿಡಿಯುತ್ತದೆ. ಅಸಿಡಿಟಿ ಇರುವವರು ಈ ಪ್ರಯೋಗ ಮಾಡಬೇಡಿ.

ಇನ್ನು ಸೋಮಾರಿತನದ ಮಾತು. ರೋಮನ್ನರ ಊಟದ ಕೋಣೆಯ ಹೆಸರು ಟ್ರಿಕ್ಲಿನಿಯಮ್, ಅಂದರೆ ಮೂರು ಮಂಚ. ಮೂರು ಕಡೆ ಒಂದೊಂದು, ನಾಲ್ಕನೇ ಕಡೆ ಬಡಿಸುವವರಿಗೆ ಖಾಲಿ. ಮಂಚಕ್ಕೆ ಮೂವರಂತೆ 9 ಜನ. ಎಲ್ಲಿ ಬೇಕೋ ಅಲ್ಲಿ ಒರಗುವ ಹಾಗಿರಲಿಲ್ಲ. ನಡುವಿನ ಮಂಚದ ಕೊನೆಯ ಜಾಗ ಮುಖ್ಯ ಅತಿಥಿಗೆ, ಅದಕ್ಕೆ ತಾಗಿದ ಮಂಚದ ಮೊದಲ ಜಾಗ ಯಜಮಾನನಿಗೆ. ಒಂದೇ ಮೂಲೆ, ಮಾತಿಗೆ ಅನುಕೂಲ. ಒರಗುವುದೇ ದೊಡ್ಡಸ್ತಿಕೆ. ಗುಲಾಮರು ನಿಂತೇ ಇರುತ್ತಿದ್ದರು. ಮಕ್ಕಳು ಸಾಮಾನ್ಯವಾಗಿ ಕೂತು ಉಣ್ಣುತ್ತಿದ್ದರು. ಹಳೇ ಕಾಲದಲ್ಲಿ ಹೆಂಗಸರೂ ಹಾಗೇ, ಆಮೇಲೆ ಅವರೂ ಒರಗಿದರು. ಕ್ರಿ.ಪೂ. 48ರಲ್ಲಿ ಸೀಸರ್ ವಿರುದ್ಧದ ಅಂತರ್ಯುದ್ಧದಲ್ಲಿ ತನ್ನ ಪಕ್ಷ ಸೋತಾಗ ರೋಮಿನ ರಾಜಕಾರಣಿ ಕೇಟೋ ಇನ್ನು ಮೇಲೆ ಕೂತೇ ಉಣ್ಣುತ್ತೇನೆ ಅಂದ. ಅವನಿಗೆ ಅದು ಶೋಕದ ಗುರುತು.

ಬಹುಮಹಡಿ ಕಟ್ಟಡಗಳ ಬಾಡಿಗೆ ಕೋಣೆಯಲ್ಲಿದ್ದ ಬಡವರಿಗೆ ಮೂರು ಮಂಚ ಎಲ್ಲಿಂದ ಬರಬೇಕು? ಅವರದು ಕೂತುಕೊಂಡೇ ಊಟ.

ನೋಡಬೇಕೆಂದರೆ ಇಟಲಿಯ ಪೊಂಪೇಯಿಗೆ ಹೋಗಿ. ಕ್ರಿ.ಶ. 79ರ ಜ್ವಾಲಾಮುಖಿ ಬೂದಿಯಡಿ ಸಿಕ್ಕ 'ನೀತಿ ಹೇಳುವವನ ಮನೆ'ಯಲ್ಲಿ ಗಾರೆಯ ಮಂಚಗಳು ಈಗಲೂ ಇವೆ. ಗೋಡೆ ಮೇಲೆ ಅತಿಥಿಗಳಿಗೆ ಬರೆದಿದ್ದಾರೆ: ಆಳು ಕಾಲು ತೊಳೆದು ಒರೆಸಲಿ, ಹಾಸಿನ ಮೇಲೆ ಬಟ್ಟೆ ಹಾಕಿಕೊಳ್ಳಿ. ಇನ್ನೊಬ್ಬರ ಹೆಂಡತಿಯನ್ನು ಆಸೆಗಣ್ಣಿಂದ ನೋಡಬೇಡಿ. ಜಗಳ ಬೇಡ, ಆಗಲ್ಲ ಅಂದರೆ ಮನೆಗೆ ಹೋಗಿ. ಕೈಯಲ್ಲೇ ಉಣ್ಣುವ ಒಂಬತ್ತು ಜನ, ಮೈಗೆ ಮೈ ತಾಗುವಷ್ಟು ಹತ್ತಿರ. ಸುಮ್ನೆ ಬರೆಸಿದ್ದಲ್ಲ ಅದು.

ಪ್ರಶ್ನೆ: ಇನ್ನಷ್ಟು ತಿನ್ನಲು ವಾಂತಿ ಮಾಡುವ ಪ್ರತ್ಯೇಕ ಕೋಣೆ ಇತ್ತಂತೆ?

ಉತ್ತರ: ಇರಲಿಲ್ಲ. ಜನ ಅದಕ್ಕೆ ಅಂಟಿಸಿದ ಹೆಸರು ವೊಮಿಟೋರಿಯಮ್. ನಿಜಕ್ಕೆ ಅದು ಆಂಫಿಥಿಯೇಟರಿನಲ್ಲಿ, ಅಂದರೆ ಆಟ ನೋಡುವ ಬಯಲು ರಂಗದಲ್ಲಿ, ಜನ ಓಡಾಡುವ ದಾರಿ. ಈ ಕಥೆ ಹೇಳುವ ಗೈಡಿಗೆ ಟಿಪ್ಸ್ ಕೊಡಬೇಡಿ.

ಪ್ರಶ್ನೆ: ನಮ್ಮ ಹೋಂಸ್ಟೇಯಲ್ಲಿ ರೋಮನ್ ಊಟದ ಕೋಣೆ ಮಾಡಿಸುತ್ತಿದ್ದೇವೆ. ಮೂರು ಸೋಫಾ ಸಾಕು ಅನ್ನುತ್ತಾರೆ ಡಿಸೈನರ್. ದಿಕ್ಕು ಯಾವುದು?

ಉತ್ತರ: ಸೋಫಾ ಕೂರೋದಕ್ಕೆ. ಅದರ ಮೇಲೆ ಮೂವರು ಓರೆಯಾಗಿ ಒರಗಿದರೆ ಒಬ್ಬರು ಕೆಳಗೆ ಬೀಳುತ್ತಾರೆ. ಪೊಂಪೇಯಿಯ ಗಾರೆ ಮಂಚಗಳು ಅಗಲ, ಟೇಬಲ್ ಕಡೆ ಎತ್ತರ, ಹಿಂದಕ್ಕೆ ಇಳಿಜಾರು. ದಿಕ್ಕು? ಬೇಸಿಗೆ ಕೋಣೆ ಉತ್ತರಕ್ಕೆ, ಚಳಿಗಾಲದ್ದು ಇಳಿಬಿಸಿಲಿಗೆ ಅಂದ ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸ್. ಅದು ಸೆಕೆ, ಬೆಳಕಿನ ಲೆಕ್ಕ ಅಷ್ಟೇ. 'ರೋಮನ್ ವಾಸ್ತು' ಅಂತ ದುಡ್ಡು ಕೇಳುವವರು ಬಂದರೆ ಗೇಟು ಹಾಕಿ.