ರಸ್ಟ್ ಕಲಿಯುವಾಗ ಫಾರ್ ಲೂಪ್‌ಗಳನ್ನೆಲ್ಲ ಇಟರೇಟರ್‌ಗೆ ಬದಲಾಯಿಸಲೇಬೇಕಾ?

ನಿಮಗೆ ಸಿ ಪ್ರೋಗ್ರಾಮಿಂಗ್ ಭಾಷೆ ಚೆನ್ನಾಗಿ ಬರುತ್ತದೆ, ಈಗ ರಸ್ಟ್ ಭಾಷೆ ಕಲಿಯುತ್ತಿದ್ದೀರಿ. ಕೋಡ್ ನೋಡಿದವರೆಲ್ಲ ಲೂಪ್ ತೆಗೆದು ಇಟರೇಟರ್, ಅಂದರೆ ಅಂಶಗಳನ್ನು ಒಂದೊಂದಾಗಿ ಕೊಡುವ ವಸ್ತು, ಹಾಕಿ ಅಂತಾರೆ. ಹಾಕಿದ ಮೇಲೆ ನಿಮ್ಮ ಕೋಡ್ ನಿಮಗೇ ಅರ್ಥವಾಗುತ್ತಿಲ್ಲ. ಇದು ನಿಮ್ಮ ಪ್ರಶ್ನೆ, ಅಲ್ವಾ?

ಎಲ್ಲವನ್ನೂ ಬದಲಾಯಿಸಬೇಡಿ. ಇಂಡೆಕ್ಸ್ ಹಿಡಿದು ಓಡುವ ಲೂಪ್‌ಗಳನ್ನು ಮಾತ್ರ ಮೊದಲು ಹುಡುಕಿ. ಸೊನ್ನೆಯಿಂದ ಲೆನ್‌ವರೆಗೆ (ಪಟ್ಟಿಯ ಉದ್ದದವರೆಗೆ) ಐ ಓಡಿಸಿ, ಒಳಗೆ ವೆಕ್ಟರ್‌ನ, ಅಂದರೆ ಆ ಪಟ್ಟಿಯ, ಐನೇ ಅಂಶ ತೆಗೆಯುವುದು ಸಿ ಕಲಿತವರ ಕೈಗೆ ಅಂಟಿದ ಅಭ್ಯಾಸ. ರಸ್ಟ್‌ನಲ್ಲಿ ಪೆಟ್ಟು ಬೀಳುವುದು ಅಲ್ಲೇ.

ನನಗೆ ಬಿದ್ದ ಪೆಟ್ಟು ಹೇಳ್ತೀನಿ. ಮನೆಯ ಕರೆಂಟ್ ಮೀಟರ್ ರೀಡಿಂಗ್‌ಗಳನ್ನು ತಿಂಗಳಿಗೊಂದರಂತೆ ಒಂದು ಫೈಲ್‌ನಲ್ಲಿ ಬರೆದಿಟ್ಟಿದ್ದೆ: 4120, 4238, 4391, ಹೀಗೆ. ಎಷ್ಟು ಯೂನಿಟ್ ಸುಟ್ಟಿದ್ದೇವೆ ಅಂತ ತಿಳಿಯಲು ಪಕ್ಕಪಕ್ಕದ ಎರಡು ರೀಡಿಂಗ್ ಕಳೆಯಬೇಕು. 118, 153. ಲೂಪ್ ಬರೆದೆ. ಐ ಪ್ಲಸ್ ಒಂದನೇ ಅಂಶದಿಂದ ಐನೇ ಅಂಶ ಕಳೆ, ಲೆನ್ ಮೈನಸ್ ಒಂದರವರೆಗೆ ಓಡು. ಚೆನ್ನಾಗೇ ಓಡ್ತಿತ್ತು. ಒಂದು ದಿನ ಖಾಲಿ ಫೈಲ್ ಕೊಟ್ಟೆ, ಪ್ರೋಗ್ರಾಂ ಪ್ಯಾನಿಕ್ ಆಗಿ ನಿಂತಿತು. ಲೆನ್ ಕೊಡುವುದು ಯೂಸೈಜ಼್ ಎಂಬ ಟೈಪ್, ಅದರಲ್ಲಿ ಮೈನಸ್ ಸಂಖ್ಯೆ ಇಲ್ಲ. ಸೊನ್ನೆಯಿಂದ ಒಂದು ಕಳೆದರೆ ಡೀಬಗ್ ಬಿಲ್ಡ್‌ನಲ್ಲಿ (ಪರೀಕ್ಷೆಗೆ ಕಂಪೈಲ್ ಮಾಡಿದ್ದರಲ್ಲಿ) ಓವರ್‌ಫ್ಲೋ ಅಂತ ಅಲ್ಲೇ ನಿಲ್ಲುತ್ತದೆ. ವೇಗಕ್ಕಾಗಿ ಕಂಪೈಲ್ ಮಾಡಿದ ರಿಲೀಸ್ ಬಿಲ್ಡ್‌ನಲ್ಲಿ ಅದು ಸುತ್ತಿ ಬಂದು ಭಾರಿ ದೊಡ್ಡ ಸಂಖ್ಯೆಯಾಗುತ್ತದೆ, ಲೂಪ್ ಒಳಗೆ ಹೋಗಿ ಇಲ್ಲದ ಅಂಶಕ್ಕೆ ಕೈ ಹಾಕುತ್ತದೆ, ಆಗಲೂ ಪ್ಯಾನಿಕ್.

ಆಮೇಲೆ ವಿಂಡೋಸ್ ಎಂಬ ಮೆಥಡ್ ಸಿಕ್ಕಿತು. ವೆಕ್ಟರ್ ಮೇಲೆ ವಿಂಡೋಸ್ ಕರೆದು 2 ಅಂತ ಕೊಟ್ಟರೆ ಪಕ್ಕಪಕ್ಕದ ಎರಡೆರಡು ಅಂಶಗಳ ಜೋಡಿ ಒಂದೊಂದಾಗಿ ಬರುತ್ತದೆ. ಪ್ರತಿಯೊಂದನ್ನೂ ಬದಲಿಸುವ ಮ್ಯಾಪ್ ಒಳಗೆ ಎರಡನೆಯದರಿಂದ ಮೊದಲನೆಯದನ್ನು ಕಳೆದು, ಕೊನೆಗೆ ಕಲೆಕ್ಟ್ ಮಾಡಿ ಒಟ್ಟುಗೂಡಿಸಿದರೆ ಆಯ್ತು. ಫೈಲ್ ಖಾಲಿ ಇದ್ದರೆ ಜೋಡಿಯೇ ಬರುವುದಿಲ್ಲ, ಖಾಲಿ ವೆಕ್ಟರ್ ಸಿಗುತ್ತದೆ. ಒಂದೇ ರೀಡಿಂಗ್ ಇದ್ದರೂ ಅಷ್ಟೇ. ಅಂಚಿನ ಲೆಕ್ಕ ನಾನು ಮಾಡಬೇಕಾಗೇ ಇಲ್ಲ. ಇಟರೇಟರ್ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಅವತ್ತು. ಕೋಡ್ ಚಿಕ್ಕದಾಯಿತು ಅನ್ನುವುದು ಆಮೇಲಿನ ಮಾತು.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ರಸ್ಟ್‌ನ ಫಾರ್ ಕೂಡ ಒಳಗೆ ಇಟರೇಟರನ್ನೇ ಬಳಸುತ್ತದೆ. ಇನ್‌ಟು ಐಟರ್ ಕರೆದು ಒಂದು ಇಟರೇಟರ್ ಪಡೆಯುತ್ತದೆ, ಅದರ ಮೇಲೆ ನೆಕ್ಸ್ಟ್ ಕರೆಯುತ್ತಾ ಹೋಗುತ್ತದೆ. ಸಮ್ (Some, ಅಂಶ ಇದೆ) ಬಂದರೆ ಒಳಗಿನ ಕೆಲಸ, ನನ್ (None, ಅಂಶ ಇಲ್ಲ) ಬಂದರೆ ಮುಗೀತು. ಹಾಗಾಗಿ ವೆಕ್ಟರ್ ಮೇಲೆ ನೇರವಾಗಿ ಫಾರ್ ಓಡಿಸಿದರೆ ನೀವು ಆಗಲೇ ಇಟರೇಟರ್ ಬಳಸುತ್ತಿದ್ದೀರಿ. ಇಂಡೆಕ್ಸ್ ಐ ನಿಜಕ್ಕೂ ಬೇಕಿದ್ದರೆ ಎನ್ಯುಮರೇಟ್ ಹಾಕಿ. ಎರಡು ವೆಕ್ಟರ್ ಒಟ್ಟಿಗೆ ನೋಡಬೇಕಿದ್ದರೆ ಜಿಪ್. ರಸ್ಟ್ ಕೋಡ್ ತಪಾಸಣೆ ಮಾಡುವ ಕ್ಲಿಪ್ಪಿ ಓಡಿಸಿದರೆ ಸುಮ್ನೆ ಇಂಡೆಕ್ಸ್ ಇಟ್ಟುಕೊಂಡ ಲೂಪ್‌ಗಳನ್ನು ಅದೇ ತೋರಿಸುತ್ತದೆ.

ಅರ್ಥವಾಗುತ್ತಿಲ್ಲ ಅಂದಿರಲ್ಲ, ಅದಕ್ಕೆ ಜಾಸ್ತಿ ಕಾರಣ ಎರಡು ಅಂತ ನನ್ನ ಅನಿಸಿಕೆ. ಒಂದು, ಮ್ಯಾಪ್ ಆಗಲಿ, ಬೇಕಾದದ್ದನ್ನು ಮಾತ್ರ ಉಳಿಸುವ ಫಿಲ್ಟರ್ ಆಗಲಿ ತಾವಾಗಿ ಏನೂ ಮಾಡುವುದಿಲ್ಲ. ಕಲೆಕ್ಟ್, ಸಮ್ (sum, ಮೊತ್ತ), ಕೌಂಟ್ ಅಥವಾ ಫಾರ್, ಹೀಗೆ ಯಾವುದಾದರೂ ಒಂದು ಕೊನೆಯಲ್ಲಿ ಎಳೆದುಕೊಳ್ಳಬೇಕು. ಮ್ಯಾಪ್ ಒಳಗೆ ಪ್ರಿಂಟ್ ಬರೆದು, ಏನೂ ಪ್ರಿಂಟ್ ಆಗದೆ ನಾನು ಒಂದಿಡೀ ಸಂಜೆ ತಲೆ ಕೆಡಿಸಿಕೊಂಡಿದ್ದೇನೆ. ಇನ್ನೊಂದು, ರೆಫರೆನ್ಸ್‌ಗಳು. ಐಟರ್ ಕೊಡುವುದೇ ರೆಫರೆನ್ಸ್, ಫಿಲ್ಟರ್ ತನ್ನ ಕ್ಲೋಶರ್‌ಗೆ (ನಾವು ಕೊಡುವ ಪುಟ್ಟ ಫಂಕ್ಷನ್‌ಗೆ) ಅದರ ಮೇಲೆ ಇನ್ನೊಂದು ರೆಫರೆನ್ಸ್ ಕೊಡುತ್ತದೆ. ಎರಡೆರಡು ನಕ್ಷತ್ರ (*) ಹಾಕುತ್ತಾ ಕೂರುವ ಬದಲು, ಬರೀ ಸಂಖ್ಯೆಗಳಾದರೆ ಐಟರ್ ಆದ ತಕ್ಷಣ ಕಾಪೀಡ್ ಹಾಕಿ. ಒಂದು ಪದರ ಕಡಿಮೆಯಾಗುತ್ತದೆ.

ನನಗೆ ತುಂಬ ಇಷ್ಟವಾದದ್ದೊಂದಿದೆ. ಫೈಲ್‌ನ ಒಂದು ಸಾಲಿನಲ್ಲಿ ಸೊನ್ನೆಯ ಜಾಗಕ್ಕೆ ಇಂಗ್ಲಿಷಿನ ಓ ಅಕ್ಷರ ಬಿದ್ದಿದೆ ಅಂತಿಟ್ಟುಕೊಳ್ಳಿ. ಪ್ರತಿ ಸಾಲನ್ನೂ ಪಾರ್ಸ್ ಮಾಡಿ ಸಂಖ್ಯೆಯಾಗಿಸಿದರೆ ಒಂದೊಂದಕ್ಕೂ ಒಂದು ರಿಸಲ್ಟ್, ಅಂದರೆ ಸಂಖ್ಯೆ ಅಥವಾ ಎರರ್, ಬರುತ್ತದೆ. ಕಲೆಕ್ಟ್‌ಗೆ ನೀವು ವೆಕ್ಟರ್ ಒಳಗೆ ರಿಸಲ್ಟ್‌ಗಳನ್ನು ಕೇಳಬೇಡಿ, ರಿಸಲ್ಟ್ ಒಳಗೆ ಒಂದು ವೆಕ್ಟರ್ ಕೇಳಿ. ಎಲ್ಲ ಸರಿ ಇದ್ದರೆ ಪೂರ್ತಿ ವೆಕ್ಟರ್ ಸಿಗುತ್ತದೆ. ಒಂದು ಸಾಲು ಕೆಟ್ಟಿದ್ದರೆ ಅಲ್ಲೇ ನಿಂತು ಆ ಎರರ್ ಕೈಗೆ ಕೊಡುತ್ತದೆ. ಲೂಪ್‌ನಲ್ಲಿ ಇದಕ್ಕೆ ಖಾಲಿ ವೆಕ್ಟರ್, ಮ್ಯಾಚ್, ಪುಶ್, ರಿಟರ್ನ್ ಅಂತ ನಾಲ್ಕಾರು ಸಾಲು ಬೇಕು.

ವೇಗದ ಚಿಂತೆ ಬೇಡ. ರಿಲೀಸ್ ಬಿಲ್ಡ್‌ನಲ್ಲಿ ಸಾಮಾನ್ಯವಾಗಿ ಎರಡೂ ಒಂದೇ.

ಲೂಪ್ ಹಾಗೇ ಇರಲಿ ಅನ್ನುವ ಜಾಗಗಳೂ ಇವೆ. ಪ್ರಿಂಟ್ ಮಾಡುವುದು, ಫೈಲಿಗೆ ಬರೆಯುವುದು, ಮಧ್ಯದಲ್ಲಿ ಎರಡು ಮೂರು ಕಡೆ ಬ್ರೇಕ್ ಇರುವುದು, ನಾಲ್ಕು ಮ್ಯೂಟಬಲ್ ವೇರಿಯೇಬಲ್ ಒಟ್ಟಿಗೆ ಬದಲಾಗುವುದು. ಇವನ್ನು ಫೋಲ್ಡ್ (ಎಲ್ಲ ಅಂಶಗಳನ್ನೂ ಸೇರಿಸಿ ಒಂದೇ ಬೆಲೆ ಮಾಡುವ ಮೆಥಡ್) ಒಳಗೆ ತುರುಕಿದರೆ ಓದುವವರಿಗೆ ಹಿಂಸೆ. ನಾನು ಹಾಗೆ ತುರುಕಿದ್ದನ್ನೆಲ್ಲ ಆಮೇಲೆ ಬಿಡಿಸಿ ಮತ್ತೆ ಫಾರ್ ಮಾಡಿದ್ದೇನೆ.

ಈ ವಾರ ಒಂದು ಕೆಲಸ ಮಾಡಿ. ಹತ್ತರಿಂದ ಒಂದರವರೆಗೆ ಇಳಿಯುವ ಒಂದು ಸ್ಟ್ರಕ್ಟ್ ಬರೆದು, ಅದಕ್ಕೆ ಇಟರೇಟರ್ ಟ್ರೇಟ್ (ಟೈಪ್‌ಗೆ ಯಾವ ಮೆಥಡ್ ಇರಬೇಕು ಅನ್ನುವ ಕರಾರು) ಜೋಡಿಸಿ. ಐಟಂ ಯಾವ ಟೈಪ್ ಅಂತ ಹೇಳಿ, ನೆಕ್ಸ್ಟ್ ಒಂದನ್ನು ಬರೆದರೆ ಸಾಕು, ಕಡ್ಡಾಯ ಮೆಥಡ್ ಅದೊಂದೇ. ಆಮೇಲೆ ಅದರ ಮೇಲೆ ಫಿಲ್ಟರ್, ಜಿಪ್, ಸಮ್ ಕರೆದು ನೋಡಿ. ನೀವು ಬರೆಯದೇ ಇದ್ದದ್ದೆಲ್ಲ ಕೆಲಸ ಮಾಡುತ್ತದೆ.